ಗಲಾಥಿಯಾ ಕೊಲ್ಲಿಯ ಕೂರ್ಮಗಳು

ನಮ್ಮ ದೇಶದ ದಕ್ಷಿಣಾಗ್ರ ಯಾವುದೆಂದು ಮಕ್ಕಳನ್ನು ಕೇಳಿದರೆ ಕನ್ಯಾಕುಮಾರಿಯೆಂದೇ ಉತ್ತರ ಬರುವುದು. ಆದರೆ ಆ ಗೌರವವು ಗ್ರೇಟ್ ನಿಕೋಬಾರ್ ದ್ವೀಪದ ಇಂದಿರಾ ಪಾಯಿಂಟಿಗೆ ಸಲ್ಲತಕ್ಕದ್ದು. ಅಲ್ಲಿಗೆ ಚೆನ್ನೈಗಿಂತ ಸುಮಾತ್ರವೇ ಬಹು ಸಮೀಪವಾಗಿರುತ್ತದೆ.

ಪೋರ್ಟ್ ಬ್ಲೇರಿನಿಂದ (2024ರಿಂದ ಇದಕ್ಕೆ ಶ್ರೀ ವಿಜಯಪುರಂ ಎಂದು ಹೆಸರು) ಹಡಗನ್ನೇರಿ ಕ್ಯಾಂಪ್‌ಬೆಲ್ ಬೇ ಎಂಬ ಊರನ್ನು ಸೇರಬೇಕು. 1969ರಿಂದ ಮೊದಲ್ಗೊಂಡು ನಿವೃತ್ತ ಸೈನಿಕರ ಕುಟುಂಬಗಳು ಇಲ್ಲಿ ನೆಲೆಸಿರುವುವು. ಒಳನಾಡಿನ ಅರಣ್ಯವು ಶೋಂಪೆನ್ ಜನರ ವಾಸಸ್ಥಾನ. ಅಪ್ಪಣೆಯಿಲ್ಲದೆ ಅಲ್ಲಿ ಕಾಲಿಡಕೂಡದು, ಇಡದಿರುವುದೇ ನ್ಯಾಯವೂ ಹೌದು.

ಈ ದ್ವೀಪದ ಪರಮ ವಿಶೇಷವೆಂದರೆ ಗಲಾಥಿಯಾ ಕೊಲ್ಲಿಯ ಮರಳದಂಡೆ. 1846ರಲ್ಲಿ ಇತ್ತ ಬಂದ ಡೇನಿಷ್ ನೌಕೆಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಚಳಿಗಾಲದ ಇರುಳುಗಳಲ್ಲಿ ಚರ್ಮದ ಬೆನ್ನಿನ ಕಡಲಾಮೆಗಳು ಇಲ್ಲಿ ದಡವನ್ನೇರುವುವು. ಜಗತ್ತಿನ ಆಮೆಗಳಲ್ಲೆಲ್ಲಾ ಇದೇ ದೊಡ್ಡದು. ತೂಕ ಮುನ್ನೂರು ಕಿಲೋಗ್ರಾಮಿಗೂ ಮಿಕ್ಕುವುದು. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ತೊಗಲಿನಂಥ ಹೊದಿಕೆ ಮಾತ್ರ. ಆಹಾರವೋ, ಲೋಳೆಯಂಥ ಅಂಬಲಿ ಮೀನುಗಳು! ತಾಯಾಮೆಯು ಹಿಂಗಾಲುಗಳಿಂದ ಆಳವಾದ ಗುಂಡಿಯನ್ನು ತೋಡಿ, ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ಹಿಂದಿರುಗಿ ನೋಡದೆ ಸಮುದ್ರಕ್ಕೆ ಹೊರಟುಹೋಗುವುದು. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬರುವುವು. ಮರಳು ಹೆಚ್ಚು ಬಿಸಿಯಾಗಿದ್ದರೆ ಹೆಣ್ಣು, ತಂಪಾಗಿದ್ದರೆ ಗಂಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದೇ ಜಾತಿಯ ಆಮೆಗಳಿಗೆ ಲಿಟಲ್ ಅಂಡಮಾನ್ ದ್ವೀಪದಲ್ಲಿ ಉಪಗ್ರಹ ಯಂತ್ರಗಳನ್ನು ಕಟ್ಟಿ ನೋಡಲಾಗಿ, ಕೆಲವು ಆಸ್ಟ್ರೇಲಿಯದ ಕಡೆಗೂ ಕೆಲವು ಆಫ್ರಿಕದ ಕಡೆಗೂ ಸಾವಿರಾರು ಮೈಲಿ ಈಜಿದುವೆಂದು ತಿಳಿದುಬಂದಿತು.

ಮೀನು ನೋಟದಿಂದ, ಆಮೆ ಸ್ಮರಣೆಯಿಂದ, ಹಕ್ಕಿ ಸ್ಪರ್ಶದಿಂದ ಮರಿಗಳನ್ನು ಪೋಷಿಸುವುವೆಂದು ನಮ್ಮ ಹಿಂದಿನವರು ಹೇಳುತ್ತಿದ್ದರು. ಈ ದ್ವೀಪದ ಮೆಗಾಪೋಡ್ ಎಂಬ ಪಕ್ಷಿಯು ಆ ಮಾತನ್ನು ಸುಳ್ಳು ಮಾಡಿದೆ. ಅದು ಕಾವು ಕೊಡುವುದೇ ಇಲ್ಲ. ಮರಳು, ತರಗೆಲೆಗಳ ದಿಬ್ಬವನ್ನು ಕೂಡಿಹಾಕಿ ಮೊಟ್ಟೆಯನ್ನು ಹೂಳುವುದು. ಎಲೆ ಕೊಳೆತು ಹುಟ್ಟುವ ಶಾಖವೇ ಸಾಕು. ಮರಿಯು ಗರಿಸಹಿತವಾಗಿ ಹೊರಬಂದು, ತಂದೆತಾಯಿಗಳ ನೆರವಿಲ್ಲದೆ ಬದುಕತಕ್ಕದ್ದು.

2004ರ ಡಿಸೆಂಬರ್ 26ರ ಭೂಕಂಪದಲ್ಲಿ ದ್ವೀಪದ ತುದಿಯು ನಾಲ್ಕು ಮೀಟರುಗಳಷ್ಟು ಕುಸಿಯಿತು. ನೆಲದ ಮೇಲಿದ್ದ ದೀಪಸ್ತಂಭವು ನೀರಿನಲ್ಲಿ ನಿಂತಿತು. ಮಹಾತರಂಗಗಳು ಅನೇಕ ಜನರನ್ನೂ, ಕರಾವಳಿಯ ಹಕ್ಕಿಗಳ ದಿಬ್ಬಗಳನ್ನೂ, ಆಮೆಗಳ ಮರಳನ್ನೂ ಕೊಂಡೊಯ್ದುವು. ವರ್ಷಗಳು ಕಳೆದಂತೆ ಮರಳು ಮತ್ತೆ ಕೂಡಿತು, ಆಮೆಗಳೂ ಮರಳಿದುವು.

ಆದರೆ 2021ರಲ್ಲಿ ಈ ಕೊಲ್ಲಿಯ ಅಭಯಾರಣ್ಯ ಪದವಿಯನ್ನು ತೆಗೆದುಹಾಕಲಾಯಿತು. 2022ರಲ್ಲಿ ಇಲ್ಲೊಂದು ಬೃಹತ್ ಬಂದರನ್ನು ಕಟ್ಟಲು ಪರಿಸರಾನುಮತಿ ದೊರೆಯಿತು. ಹಡಗಿನ ಮಾರ್ಗದ ಸಮೀಪದಲ್ಲಿರುವ ಸ್ಥಳವಿದು, ವಾಣಿಜ್ಯಕ್ಕೆ ಅನುಕೂಲವೆಂಬುದನ್ನು ಅಲ್ಲಗಳೆಯಲಾಗದು. ಆದರೂ ಕೊಲ್ಲಿಯನ್ನು ಹಡಗುಗಳಿಗೆ ಒಪ್ಪಿಸಿ ಆಮೆಗಳನ್ನು ಉಳಿಸುವೆವೆಂಬ ಮಾತು ನನಗೆ ನಂಬತಕ್ಕದ್ದಾಗಿ ತೋರುವುದಿಲ್ಲ. ಹೊರಬಿದ್ದ ಮರಿಯು ಕತ್ತಲೆಯಲ್ಲಿ ಯಾವ ಕಡೆ ಬೆಳಕು ಹೆಚ್ಚೋ ಅದೇ ಸಮುದ್ರವೆಂದು ತಿಳಿದು ಅತ್ತಲೇ ಓಡುವುದು. ಬಂದರಿನಲ್ಲಾದರೋ ರಾತ್ರಿಯಿಡೀ ದೀಪಗಳು ಉರಿಯಬೇಕಾಗುವುದು.