ಹಣ್ಣುನೊಣದ ಮೇಲೆ ನರಿಂಜೆನಿನ್‌ನ ಪ್ರಮಾಣಾನುಸಾರಿ ಪರಿಣಾಮಗಳು

ಪೀಠಿಕೆ

ವಿಜಯಪುರ ಜಿಲ್ಲೆಯು ಲಿಂಬೆ ಹಾಗೂ ದ್ರಾಕ್ಷಿ ಬೆಳೆಗಳಿಗೆ ಹೆಸರಾದುದು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ತಿಕೋಟಾ, ಬಬಲೇಶ್ವರ ಭಾಗಗಳು ದ್ರಾಕ್ಷಿ ಹಾಗೂ ಒಣದ್ರಾಕ್ಷಿಗೆ ಪ್ರಸಿದ್ಧ. ಕಳಿತು ಹುಳಿಯೇರಿದ ಹಣ್ಣಿನ ಮೇಲೆ, ತೋಟದಲ್ಲಾಗಲಿ ವಿಜಯಪುರ ನಗರದ ಮಾರುಕಟ್ಟೆಯಲ್ಲಾಗಲಿ, ಮುತ್ತುವ ಪುಟ್ಟ ನೊಣಗಳು ಡ್ರಾಸೊಫಿಲಾ ಕುಲಕ್ಕೆ ಸೇರಿದವು. ಮಾವು, ಪೇರಲಗಳನ್ನು ಕೊರೆದು ನಷ್ಟವುಂಟುಮಾಡುವ ಬ್ಯಾಕ್ಟ್ರೊಸೆರಾ ಕುಲದ ಹಣ್ಣುನೊಣಗಳಿಂದ ಇವು ಭಿನ್ನ. ಸಿಟ್ರಸ್ ಹಣ್ಣಿನ ಒಂದು ಸಂಯುಕ್ತವು ಡ್ರಾಸೊಫಿಲಾ ನೊಣದ ಬದುಕಿನ ಮೇಲೆ ಬೀರುವ ಪ್ರಭಾವವನ್ನು ಇಲ್ಲಿ ವಿವೇಚಿಸಲಾಗಿದೆ.

ಸಂಯುಕ್ತ ಮತ್ತು ಪ್ರಯೋಗಜೀವಿ

ನರಿಂಜೆನಿನ್ ಫ್ಲೇವನಾಯ್ಡ್ ವರ್ಗದ ಸಂಯುಕ್ತ. ಚಕ್ಕೋತ, ಗ್ರೇಪ್‌ಫ್ರೂಟ್‌ಗಳಲ್ಲಿ ಇದು ಬಹುತೇಕ ಸಕ್ಕರೆಯೊಡನೆ ಕೂಡಿ, ಕಹಿರುಚಿಯ ನರಿಂಜಿನ್ ರೂಪದಲ್ಲಿರುತ್ತದೆ. ಡ್ರಾಸೊಫಿಲಾ ಮೆಲನೊಗ್ಯಾಸ್ಟರ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10 ದಿನಗಳಲ್ಲಿ ಮೊಟ್ಟೆಯಿಂದ ಪ್ರೌಢನೊಣವಾಗುತ್ತದೆ. ಆಯುಷ್ಯ ಎರಡು-ಮೂರು ತಿಂಗಳು. ಆದ್ದರಿಂದ ಇಡೀ ಜೀವಿತಾವಧಿಯ ಅಧ್ಯಯನ ಅಲ್ಪಕಾಲದಲ್ಲಿ ಸಾಧ್ಯ. ಕರ್ನಾಟಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಈ ನೊಣದ ಸಂಶೋಧನೆಯ ಪ್ರಮುಖ ಕೇಂದ್ರ.

ಪ್ರಮಾಣ ಮತ್ತು ಪರಿಣಾಮ

ವೆಲ್ಲೂರಿನ ವಿ.ಐ.ಟಿ. ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ‘ಬಯೋಜೆರೊಂಟಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದಲ್ಲಿ ಗಮನಾರ್ಹ. ಕ್ಯಾಂಟನ್-ಎಸ್ ತಳಿಯ ನೊಣಗಳಿಗೆ ಸಾಮಾನ್ಯ ಆಹಾರ ಹಾಗೂ ಅಧಿಕ ಕೊಬ್ಬಿನ ಆಹಾರಗಳಲ್ಲಿ ನರಿಂಜೆನಿನ್ ಬೆರೆಸಿ ಉಣಿಸಲಾಯಿತು. 200 ಮತ್ತು 400 ಮೈಕ್ರೊಮೋಲಾರ್ ಪ್ರಮಾಣಗಳಲ್ಲಿ ಸರಾಸರಿ ಆಯುಷ್ಯ ಹೆಚ್ಚಿತು. 600 ಮತ್ತು 800ರಲ್ಲಿ ಅದೇ ವಸ್ತು ಮಾರಕವಾಯಿತು. ತೂಕದ ಲೆಕ್ಕದಲ್ಲಿ 200 ಮೈಕ್ರೊಮೋಲಾರ್ ಎಂದರೆ ಲೀಟರಿಗೆ ಸುಮಾರು 54 ಮಿಲಿಗ್ರಾಂ. 600 ಎಂದರೆ ಸುಮಾರು 163 ಮಿಲಿಗ್ರಾಂ. ಹಿತಕ್ಕೂ ಹಾನಿಗೂ ನಡುವಣ ಅಂತರ ಕೇವಲ ಒಂದೂವರೆ ಪಟ್ಟು. ಅಲ್ಪಪ್ರಮಾಣದಲ್ಲಿ ಉಪಕಾರ, ಅಧಿಕ ಪ್ರಮಾಣದಲ್ಲಿ ಅಪಕಾರ ಎಂಬ ಈ ವಿದ್ಯಮಾನಕ್ಕೆ 1943ರಲ್ಲಿ ಸೌದಮ್ ಮತ್ತು ಎರ್ಲಿಖ್ ‘ಹಾರ್ಮೆಸಿಸ್’ ಎಂಬ ಹೆಸರನ್ನಿತ್ತರು. ‘ಅತಿಯಾದರೆ ಅಮೃತವೂ ವಿಷ’ ಎಂಬ ಲೋಕೋಕ್ತಿಯ ತಾತ್ಪರ್ಯವೂ ಇದಕ್ಕೆ ಸಮೀಪದ್ದು.

ವಿಶ್ಲೇಷಣೆ

ಆಯುಷ್ಯದ ಈ ಗಳಿಕೆಯು ನಷ್ಟವಿಲ್ಲದೆ ಬಂದುದಲ್ಲ. 400 ಮೈಕ್ರೊಮೋಲಾರ್ ಪ್ರಮಾಣದಲ್ಲಿ ಸಂತಾನಶಕ್ತಿಯೂ ಆಹಾರ ಸೇವನೆಯೂ ಕುಗ್ಗಿದವು. ಮಿತಾಹಾರವೇ ನೊಣದ ಆಯುಷ್ಯವನ್ನು ಹೆಚ್ಚಿಸಬಲ್ಲದಾದ್ದರಿಂದ ಪರಿಣಾಮವು ಸಂಯುಕ್ತದ್ದೋ, ಕಡಿಮೆ ಉಂಡುದರದ್ದೋ ಎಂಬ ಪ್ರಶ್ನೆ ಏಳುತ್ತದೆ. 200 ಮೈಕ್ರೊಮೋಲಾರ್ ಪ್ರಮಾಣದಲ್ಲಾದರೋ ಮರಿಹುಳುಗಳ ಕೋಶಾವಸ್ಥೆ ಹಾಗೂ ಪ್ರೌಢ ನೊಣಗಳ ಹೊರಬರುವಿಕೆ ಉತ್ತಮಗೊಂಡವು. ಸಾಮಾನ್ಯ ಆಹಾರದಲ್ಲಿ 200 ಮತ್ತು 400ರ ಪ್ರಮಾಣ ಪಡೆದ ಹೆಣ್ಣುನೊಣಗಳು ಉಪವಾಸವನ್ನು ಹೆಚ್ಚು ತಾಳಿಕೊಂಡವು. ಹೀಗೆ ಲಿಂಗ, ಆಹಾರ, ಜೀವನಾವಸ್ಥೆಗಳಿಗೆ ತಕ್ಕಂತೆ ಫಲಿತಾಂಶವು ಬದಲಾಗಿದೆ.

ಉಪಸಂಹಾರ

ಈ ಫಲಿತಾಂಶಗಳನ್ನು ವಿಜಯಪುರದ ಲಿಂಬೆಗೆ ನೇರವಾಗಿ ಅನ್ವಯಿಸಲಾಗದು. ಲಿಂಬೆಯಲ್ಲಿ ಹೆಸ್ಪೆರಿಡಿನ್ ಪ್ರಧಾನ ಫ್ಲೇವನಾಯ್ಡ್. ಮನುಷ್ಯನಿಗೆ ಅನ್ವಯಿಸುವುದಂತೂ ಇನ್ನೂ ದೂರದ ಮಾತು. ಆದರೆ ಲಿಂಬೆಸಿಪ್ಪೆಯ ಸಾರವನ್ನು ಪರೀಕ್ಷಿಸಬಯಸುವ ಸ್ಥಳೀಯ ಸಂಶೋಧಕರಿಗೆ ಇಲ್ಲಿ ಸ್ಪಷ್ಟ ಮಾರ್ಗದರ್ಶನವಿದೆ. ಸಾರದಲ್ಲಿನ ಸಂಯುಕ್ತಗಳನ್ನು ಮೊದಲು ಅಳೆಯಬೇಕು. ಹಲವು ಪ್ರಮಾಣಗಳನ್ನು ಪರೀಕ್ಷಿಸಬೇಕು. ಗಂಡು-ಹೆಣ್ಣುಗಳನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಆಯುಷ್ಯದೊಡನೆ ಆಹಾರ ಸೇವನೆ ಹಾಗೂ ಮೊಟ್ಟೆಗಳ ಸಂಖ್ಯೆಯನ್ನೂ ಎಣಿಸಬೇಕು. ಒಂದೇ ಪ್ರಮಾಣವನ್ನು ಪರೀಕ್ಷಿಸಿ ‘ಹಿತಕರ’ ಅಥವಾ ‘ವಿಷಕರ’ ಎಂದು ನಿರ್ಣಯಿಸಿದರೆ, ಎರಡೂ ಅರ್ಧಸತ್ಯಗಳಾಗುತ್ತವೆ.