ಕಾಯಿಲೆಯ ಮಾತು ಯಾರ ಬಾಯಲ್ಲಿ?

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಾರಿಮಂಗಲಂ ಎಂಬ ಊರನ್ನು ನಮ್ಮ ಓದುಗರಲ್ಲಿ ಹೆಚ್ಚಿನವರು ಕಂಡಿರಲಾರರು. ಆದರೆ ಅಲ್ಲಿನ ಪರಿಸ್ಥಿತಿ ನಮಗೆ ಹೊಸತಲ್ಲ. ಕೃಷ್ಣಗಿರಿಯಿಂದ ಧರ್ಮಪುರಿಗೆ ಹೋಗುವ ಹೆದ್ದಾರಿಯ ಆ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ಬದುಕುವ ಕುಟುಂಬಗಳಿವೆ. ಮಕ್ಕಳು ಕಲಿಯುವ ಅಕ್ಷರ ತಮಿಳು. ನಮ್ಮಲ್ಲಿ ಕನ್ನಡ ಶಾಲೆಗಳಾದರೂ ಉಳಿದುಕೊಂಡಿವೆ.

ಇಂಥ ಮನೆಯ ಹದಿನಾರರ ಹುಡುಗನಿಗೆ ರಕ್ತದ ಕ್ಯಾನ್ಸರ್ ಬಂದಿತೆಂದು ಎಣಿಸಿಕೊಳ್ಳಿ. ಅದೇ ಹೆದ್ದಾರಿ ಹಿಡಿದು ಹೊಸೂರು ದಾಟಿದರೆ ಸುಮಾರು 110 ಕಿಲೋಮೀಟರಿಗೆ ಬೆಂಗಳೂರು. 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಆಸ್ಪತ್ರೆ ಹೊಸೂರು ರಸ್ತೆಯಲ್ಲೇ ಇದೆ. ಅಲ್ಲಿ ತಾಯಿಯ ಕನ್ನಡ ನಡೆಯುತ್ತದೆ. ಮಗನಿಗೆ ಮಾತು ತಿಳಿದರೂ ಕನ್ನಡದ ಬೋರ್ಡು ಓದಲು ಬಾರದು. ಮದ್ರಾಸಿನ ಅಡ್ಯಾರ್ ಆಸ್ಪತ್ರೆಗೆ ಹೋದರೆ ಚೀಟಿ ಓದುವವನು ಮಗನೇ. ನಮ್ಮಲ್ಲಿಯೂ ಅಷ್ಟೆ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ತಿರುವನಂತಪುರಕ್ಕೋ ಹೋದಾಗ ಡಾಕ್ಟರರ ಮಲೆಯಾಳವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವ ಕೆಲಸ ಶಾಲೆಗೆ ಹೋಗುವ ಮಕ್ಕಳ ಪಾಲಿನದು. ರೋಗಿಯೇ ದುಭಾಷಿಯಾದರೆ? "ಅವನಿಗೆ ಹೇಳಬೇಡಿ" ಎಂದು ಹಿರಿಯರು ಪಿಸುಗುಟ್ಟುತ್ತಿರುವಾಗ ಚೀಟಿ ಅವನ ಕೈಯಲ್ಲೇ ಇರುತ್ತದೆ.

ನಮ್ಮ ಮನೆಗಳಲ್ಲಿ ಈ ರೋಗದ ಹೆಸರೆತ್ತುವ ವಾಡಿಕೆ ಇಲ್ಲ. "ರಕ್ತ ಕಡಿಮೆ", "ಸಣ್ಣ ಗಡ್ಡೆ" ಎಂದು ಸಾಗಹಾಕುತ್ತಾರೆ. ಹುಡುಗಿಯಾದರೆ ನಾಳೆ ಮದುವೆಯ ಮಾತು ಬರುತ್ತದೆಂಬ ಹೆದರಿಕೆ ಬೇರೆ. ಮಗು ಕುಗ್ಗದಿರಲಿ ಎಂಬುದೇ ಹಿರಿಯರ ಉದ್ದೇಶ, ನಿಜ. ಆದರೆ ಹದಿನಾರರವರಿಗೆ ಹಿರಿಯರ ಮುಖ ಓದಲು ಬರುತ್ತದೆ. ಮನೆಯವರೆಲ್ಲ ಸುಳ್ಳಾಡುತ್ತಿದ್ದಾರೆಂದು ತಿಳಿದ ಮೇಲೆ ಅವರು ತಮ್ಮ ಭಯವನ್ನು ಯಾರಲ್ಲಿ ಹೇಳಿಕೊಳ್ಳಬೇಕು?

ಧೈರ್ಯವೆಂಬುದು ಹುಟ್ಟಿನಿಂದ ಬರುವ ಗುಣವೆಂದು ನಾವು ತಿಳಿದಿದ್ದೇವೆ. ಅಮೆರಿಕದಲ್ಲಿ ಅಸ್ಥಿಮಜ್ಜೆ ಕಸಿಯಂಥ ಚಿಕಿತ್ಸೆಗೆ ಒಳಗಾಗುತ್ತಿದ್ದ, 11ರಿಂದ 24 ವಯಸ್ಸಿನ 113 ಮಂದಿಯನ್ನು ಕುರಿತ ಪರೀಕ್ಷೆಯೊಂದು 2014ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರು ಸಂಗೀತ ಚಿಕಿತ್ಸಕರ ಜತೆ ಕುಳಿತು ತಮ್ಮದೇ ಹಾಡು ಕಟ್ಟಿ ಚಿತ್ರೀಕರಿಸಿದರು. ಕಾಯಿಲೆಯನ್ನು ಎದುರಿಸುವ ಶಕ್ತಿ ಅವರಲ್ಲಿ ಹೆಚ್ಚಿತು. ನೂರು ದಿನಗಳ ಬಳಿಕ ನೋಡಿದರೆ ಮನೆಯವರೊಂದಿಗೆ, ಗೆಳೆಯರೊಂದಿಗೆ ಬಾಂಧವ್ಯವೂ ಉತ್ತಮವಾಗಿತ್ತು. ತನ್ನ ಕಷ್ಟವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಲು ಆಸ್ಪದ ಸಿಕ್ಕಿತು, ಕೇಳುವವರೂ ಇದ್ದರು. ಕ್ಯಾಮರಾ ಇಲ್ಲದ ಮನೆಯಲ್ಲೂ ಇಷ್ಟು ಸಾಧ್ಯ.

ಮಾತಿನ ಪ್ರಯೋಜನ ಮನಸ್ಸಿಗೆ ಮಾತ್ರವಲ್ಲ. ರಕ್ತದ ಕ್ಯಾನ್ಸರಿನ ಒಂದು ಬಗೆಯಲ್ಲಿ ಆಸ್ಪತ್ರೆಯ ಕಠಿಣ ಚಿಕಿತ್ಸೆ ಮುಗಿದ ಮೇಲೂ ವರ್ಷಗಟ್ಟಲೆ ಮನೆಯಲ್ಲಿ ಗುಳಿಗೆ ನುಂಗಬೇಕು. ಅಷ್ಟರಲ್ಲಿ ಉದುರಿದ ಕೂದಲು ಬಂದಿರುತ್ತದೆ, ಊದಿದ ಮುಖ ಇಳಿದಿರುತ್ತದೆ. ವಾಸಿಯಾಯಿತೆಂದು ಕೈಬಿಡುವ ಕಾಲ ಅದು. ನೂರಕ್ಕೆ ತೊಂಬತ್ತೈದಕ್ಕಿಂತ ಕಡಿಮೆ ಗುಳಿಗೆ ನುಂಗಿದವರಲ್ಲಿ ರೋಗ ಮರುಕಳಿಸುವ ಅಪಾಯ ಹೆಚ್ಚೆಂದು 2012ರ ಅಧ್ಯಯನವೊಂದು ತೋರಿಸಿತು. ಅಂದರೆ ತಿಂಗಳಿಗೆ ಎರಡು ದಿನ ತಪ್ಪಿದರೂ ಲೆಕ್ಕ ಕೆಡುತ್ತದೆ. ತಪ್ಪಿಸುವವರಲ್ಲಿ ಹನ್ನೆರಡು ದಾಟಿದವರೇ ಹೆಚ್ಚು. ಯಾವ ರೋಗಕ್ಕೆಂದೇ ತಿಳಿಸದೆ ಕೊಟ್ಟ ಗುಳಿಗೆಯನ್ನು ಎರಡು ವರ್ಷ ಯಾರು ತಾನೇ ತಪ್ಪದೆ ನುಂಗಿಯಾರು?

ಡಾಕ್ಟರರಲ್ಲಿ ಕೇಳಬೇಕಾದುದೂ ಇದೆ. ಹದಿನಾರರಿಂದ ಇಪ್ಪತ್ತರವರಿಗೆ ಮಕ್ಕಳ ವಿಭಾಗದ ಚಿಕಿತ್ಸಾಕ್ರಮ ದೊಡ್ಡವರದಕ್ಕಿಂತ ಹೆಚ್ಚು ಫಲ ಕೊಟ್ಟಿತೆಂದು 2008ರಲ್ಲಿ ಅಮೆರಿಕದಿಂದ ವರದಿಯಾಗಿತ್ತು: ಏಳು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ 67, ಇನ್ನೊಂದರಲ್ಲಿ 46. ಯಾವ ಕ್ರಮವೆಂದು ಕೇಳಲು ಸಂಕೋಚ ಬೇಡ. ಮುಂದೆ ಮಕ್ಕಳಾಗುವ ವಿಷಯವನ್ನೂ ಚಿಕಿತ್ಸೆ ಆರಂಭವಾಗುವ ಮೊದಲೇ, ಹುಡುಗನ ಅಥವಾ ಹುಡುಗಿಯ ಎದುರಿನಲ್ಲೇ ಕೇಳತಕ್ಕದ್ದು.

ದುಭಾಷಿಯಾಗಿ ಮಾತ್ರ ಬೇರೆ ಯಾರನ್ನಾದರೂ ಕರೆದೊಯ್ಯಿರಿ: ಮಾವನೋ, ನೆರೆಮನೆಯ ಮಾಸ್ತರರೋ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಟಿಕೆಟು ಉಚಿತ, ಜತೆಗಿರುವ ಒಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ. ಇದಕ್ಕೆ ಬೇಕಾದ ಸರ್ಟಿಫಿಕೇಟನ್ನು ಆಸ್ಪತ್ರೆಯಲ್ಲೇ ಕೇಳಿ ಪಡೆಯಬೇಕು.