ಸೆನೆಗಲ್ಲಿನ ತರುಣರೂ ಕಡಲದಾರಿಯೂ

ಸೆನೆಗಲ್ ಆಫ್ರಿಕಾಖಂಡದ ಪಶ್ಚಿಮದ ತುದಿಯಲ್ಲಿ ಅಟ್ಲಾಂಟಿಕ್ ಮಹಾಸಾಗರಕ್ಕೆ ಮುಖಮಾಡಿ ಕುಳಿತಿರುವ ನಾಡು. 1960ರಲ್ಲಿ ಅದು ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಕವಿ ಸೆಂಗೋರ್ ಅವರು ಅದರ ಮೊದಲನೆಯ ರಾಷ್ಟ್ರಾಧ್ಯಕ್ಷರು. ನಮ್ಮಲ್ಲಿ ಅನೇಕರಿಗೆ ಆ ನಾಡಿನ ಪರಿಚಯ ಇಷ್ಟಕ್ಕೇ ಮುಗಿಯುತ್ತದೆ. ಕಾಲ್ಚೆಂಡಾಟದ ಅಭಿಮಾನಿಗಳಾದರೆ ಇನ್ನೊಂದೆರಡು ಹೆಸರು ಗೊತ್ತಿರಬಹುದು. ಆದರೆ ಅಲ್ಲಿನ ತರುಣರ ಬಾಯಲ್ಲಿ ಸುಮಾರು ಎರಡು ದಶಕಗಳಿಂದ ಒಂದು ಮಾತು ನಿಂತುಬಿಟ್ಟಿದೆ. ವೊಲೊಫ್ ಭಾಷೆಯ ‘ಬಾರ್ಸಾ ವಾಲಾ ಬಾರ್ಸಾಖ್’ ಎಂಬ ಆ ಮಾತಿಗೆ ‘ಬಾರ್ಸೆಲೋನ, ಇಲ್ಲವಾದರೆ ಪರಲೋಕ’ ಎಂದು ಅರ್ಥ. ಮರದ ದೋಣಿ ಹತ್ತಿ ಸ್ಪೇನಿಗೆ ಹೊರಟವನ ಮಾತು ಇದು. ಪ್ರಾಸಕ್ಕಾಗಿ ಹುಟ್ಟಿದ ಚಮತ್ಕಾರವೆಂದು ಮೊದಲು ತೋರಬಹುದು; ಲೆಕ್ಕ ನೋಡಿದರೆ ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ.

ಈ ದೋಣಿಗಳು ನೇರವಾಗಿ ಬಾರ್ಸೆಲೋನಕ್ಕೇನೂ ಹೋಗುವುದಿಲ್ಲ. ಆಫ್ರಿಕಾದ ವಾಯವ್ಯ ಕರಾವಳಿಯಾಚೆ ಕೆನರಿ ಎಂಬ ದ್ವೀಪಸಮೂಹವಿದೆ. ಭೂಗೋಳದ ದೃಷ್ಟಿಯಿಂದ ಅದು ಆಫ್ರಿಕಾದ ನೆರೆ. ರಾಜಕೀಯವಾಗಿ ಸ್ಪೇನಿನ ಭಾಗ, ಎಂದರೆ ಯೂರೋಪು. ಅಲ್ಲಿ ಕಾಲಿಟ್ಟವನು ಯೂರೋಪಿನಲ್ಲಿ ಕಾಲಿಟ್ಟಂತೆಯೇ ಸರಿ. ಸೆನೆಗಲ್ಲಿನ ರಾಜಧಾನಿ ಡಕಾರಿನಿಂದ ಆ ದ್ವೀಪಗಳಿಗೆ ಸುಮಾರು 1,500 ಕಿಲೋಮೀಟರು. ಮಂಗಳೂರಿನಿಂದ ಕಡಲ ಮೇಲೆ ಮುಂಬಯಿಗೆ ಹೋಗಿ ಮರಳಿ ಮಂಗಳೂರಿಗೆ ಬಂದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು ದೂರ. ಅದನ್ನು ಮೀನು ಹಿಡಿಯುವ ತೆರೆದ ದೋಣಿಯಲ್ಲಿ, ನೆರಳಿಲ್ಲದೆ, ನೂರು ನೂರೈವತ್ತು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಏಳೆಂಟು ದಿನಗಳಲ್ಲಿ ಕ್ರಮಿಸಬೇಕು.

1994ರಲ್ಲಿ ಪಶ್ಚಿಮ ಸಹಾರಾದ ಇಬ್ಬರು ತರುಣರು ಒಂದು ಸಣ್ಣ ದೋಣಿಯಲ್ಲಿ ಕೆನರಿ ಸಮೂಹದ ಫ್ಯುಯೆರ್ತೆವೆಂತುರಾ ದ್ವೀಪವನ್ನು ಮುಟ್ಟಿದರು. ಈ ದಾರಿಯ ಚರಿತ್ರೆ ಅಲ್ಲಿಂದ ಎಂದು ಹೇಳುವುದು ವಾಡಿಕೆ. 2006ರಲ್ಲಿ 31,678 ಮಂದಿ ಬಂದಿಳಿದರು. ಕಾವಲು ಬಿಗಿಯಾಯಿತು, 2010ರಲ್ಲಿ ಬಂದವರು ಇನ್ನೂರರೊಳಗೆ. ದಾರಿ ಮುಚ್ಚಿಹೋಯಿತೆಂದೇ ಎಲ್ಲರೂ ಭಾವಿಸಿದರು. 2020ರಲ್ಲಿ ಮತ್ತೆ 23,000, 2024ರಲ್ಲಿ 46,843. ಇವರೆಲ್ಲರೂ ಸೆನೆಗಲ್ಲಿನವರಲ್ಲ. ಮಾಲಿ, ಗ್ಯಾಂಬಿಯ, ಮೊರಾಕೊ, ಗಿನಿ ದೇಶಗಳವರೂ ಇದ್ದಾರೆ. ಮಾಲಿಯವರು ಬಹುಮಟ್ಟಿಗೆ ಯುದ್ಧದಿಂದ ಓಡಿಬಂದವರು. ನಾನು ಸೆನೆಗಲ್ಲನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಅಲ್ಲಿ ಯುದ್ಧವಿಲ್ಲ, ಕ್ಷಾಮವಿಲ್ಲ. ಚುನಾವಣೆಗಳು ನಡೆಯುತ್ತವೆ, ಸರಕಾರಗಳು ಮತದಿಂದ ಬದಲಾಗುತ್ತವೆ. ಹಾಗಿದ್ದೂ ಇಪ್ಪತ್ತು ವರ್ಷದ ಹುಡುಗನೊಬ್ಬನು ‘ಇಲ್ಲವಾದರೆ ಪರಲೋಕ’ ಎಂದು ಏಕೆ ಅನ್ನಬೇಕು?

ವಿದ್ಯಾವಂತರೆನಿಸಿಕೊಂಡ ನಾವು ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟುಬಿಡುತ್ತೇವೆ: ‘ಅಜ್ಞಾನ’. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ನಾನು ಕರಾವಳಿಯವನು. ಕಡಲಿನ ಅಪಾಯವನ್ನು ಮೀನುಗಾರನಿಗೆ ಕಲಿಸಹೊರಡುವುದು ಹಾಸ್ಯಾಸ್ಪದವೆಂದು ಬಲ್ಲೆ. ಈ ದೋಣಿಗಳನ್ನು ನಡೆಸುವವರು ಸೇಂಟ್ ಲೂಯಿ, ಕಯಾರ್, ಎಂಬೂರ್ ಮೊದಲಾದ ಊರುಗಳ ಮೀನುಗಾರರು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ತಾಂಡೇಲರು. ಅಲೆಯೆಂದರೇನೆಂದು ಅವರಿಗೆ ಗೊತ್ತು. ಗೊತ್ತಿದ್ದೂ ಹೊರಡುತ್ತಾರೆ. ಆದುದರಿಂದ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು. ನನ್ನ ಮಟ್ಟಿಗೆ ಅದನ್ನು ಮೀನಿನಿಂದಲೇ ಆರಂಭಿಸಬೇಕು.

ಸೆನೆಗಲ್ಲಿನ ಕಡಲು ಲೋಕದ ಸಮೃದ್ಧ ಕಡಲುಗಳಲ್ಲಿ ಒಂದು. ಈಶಾನ್ಯದಿಂದ ಬೀಸುವ ವಾಣಿಜ್ಯಮಾರುತವು ಕರಾವಳಿಯ ಮೇಲ್ಮೈ ನೀರನ್ನು ಆಚೆಗೆ ತಳ್ಳುತ್ತದೆ. ಆ ತೆರವನ್ನು ತುಂಬಲು ಆಳದ ತಣ್ಣೀರು ಸತ್ತ್ವಯುತ ಲವಣಗಳನ್ನು ಹೊತ್ತು ಮೇಲಕ್ಕೆ ಬರುತ್ತದೆ. ಅದರಿಂದ ಸೂಕ್ಷ್ಮಜೀವಿಗಳು, ಅವುಗಳಿಂದ ಸಣ್ಣ ಮೀನು, ಅದರಿಂದ ದೊಡ್ಡ ಮೀನು. ಅಲ್ಲಿನ ಬಡವನ ಮೀನಿಗೆ ‘ಯಾಬೊಯ್’ ಎಂದು ಹೆಸರು. ಅದು ನಮ್ಮ ಬೂತಾಯಿಯ ಒಡಹುಟ್ಟು. ಪ್ರಾಣಿಶಾಸ್ತ್ರಜ್ಞರು ಎರಡನ್ನೂ ಸಾರ್ಡಿನೆಲ್ಲ ಎಂಬ ಒಂದೇ ಕುಲಕ್ಕೆ ಸೇರಿಸುತ್ತಾರೆ. ಗಂಡಸರು ಹಿಡಿದು ತಂದದ್ದನ್ನು ಹೆಂಗಸರು ಹೊಗೆಯಾಡಿಸಿ, ಉಪ್ಪು ಹಾಕಿ ಒಣಗಿಸಿ ಒಳನಾಡಿಗೆ ಕಳಿಸುತ್ತಿದ್ದರು. ಒಂದು ದೋಣಿ ಹಲವು ಒಲೆಗಳನ್ನು ಉರಿಸುತ್ತಿತ್ತು.

ಈ ಮೀನು ಕಡಿಮೆಯಾಯಿತು. ವಿದೇಶದ ದೊಡ್ಡ ಟ್ರಾಲರುಗಳು ಬಂದವು. 2012ರಲ್ಲಿ ಅಂದಿನ ಹೊಸ ಸರಕಾರ ಅವುಗಳ ಪರವಾನಗಿಯನ್ನು ರದ್ದುಮಾಡಿತು. ಆದರೆ ಅಷ್ಟರೊಳಗೆ ಇನ್ನೊಂದು ಬಾಯಿ ತೆರೆದಿತ್ತು: ಮಾರಿಟೇನಿಯ, ಸೆನೆಗಲ್, ಗ್ಯಾಂಬಿಯಗಳ ಕಡಲದಂಡೆಯಲ್ಲಿ ಎದ್ದ ಫಿಶ್‌ಮೀಲ್ ಕಾರ್ಖಾನೆಗಳು. ಒಂದು ಕಿಲೋ ಮೀನಿನ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಆ ಹಿಟ್ಟು ಯೂರೋಪು, ಏಷ್ಯಾಗಳಲ್ಲಿ ಸಾಕುವ ಮೀನುಗಳಿಗೂ ಕೋಳಿ ಹಂದಿಗಳಿಗೂ ಆಹಾರ. ಇಂಥ ಕಾರ್ಖಾನೆಗಳು ನಮ್ಮ ಕರಾವಳಿಯಲ್ಲಿಯೂ ಇರುವುದರಿಂದ ಅವುಗಳ ವಾಸನೆಯನ್ನು ವಾಚಕರಲ್ಲಿ ಕೆಲವರಿಗೆ ನಾನು ವರ್ಣಿಸಬೇಕಾಗಿಲ್ಲ. ಕಾರ್ಖಾನೆ ಕೊಡುವ ಬೆಲೆಯ ಮುಂದೆ ಮೀನು ಒಣಗಿಸುವ ಹೆಂಗಸು ನಿಲ್ಲಲಾರಳು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ದೋಷವೆಲ್ಲ ಪರದೇಶೀಯರದೇ ಅಲ್ಲ. ಸೆನೆಗಲ್ಲಿನ ಸ್ವಂತ ದೋಣಿಗಳೇ ಮಿತಿಮೀರಿ ಬೆಳೆದವು, ಕಾರ್ಖಾನೆಗೆ ಮೀನು ಹಾಕಿದವರಲ್ಲಿ ಅವರೂ ಇದ್ದರು. ಯೂರೋಪಿನ ಹಡಗುಗಳಿಗೆ ಒಪ್ಪಂದದಂತೆ ದೊರೆತದ್ದು ಮುಖ್ಯವಾಗಿ ಟ್ಯೂನ ಮೀನು, ಯಾಬೊಯ್ ಅಲ್ಲ. ಆದರೆ ತನ್ನ ಬಲೆ ಬರಿದಾಗಿ ಬಂದ ಸಂಜೆ ದಿಗಂತದಲ್ಲಿ ಪರದೇಶದ ಹಡಗಿನ ದೀಪ ಕಂಡವನಿಗೆ ಈ ಸೂಕ್ಷ್ಮ ಯಾರು ತಿಳಿಹೇಳಬೇಕು?

ಬರಿದಾದ ಬಲೆಗೆ ಹೋಲಿಸಿದರೆ ಬರಿದಾದ ದೋಣಿಗೆ ಇನ್ನೊಂದು ಉಪಯೋಗವಿತ್ತು. ಪಿರೋಗ್ ಎಂದು ಕರೆಯುವ ಆ ಬಣ್ಣಬಣ್ಣದ ಉದ್ದ ದೋಣಿ, ಔಟ್‌ಬೋರ್ಡ್ ಎಂಜಿನ್, ದಿಕ್ಕು ತೋರಿಸುವ ಜಿಪಿಎಸ್, ನಡೆಸಬಲ್ಲ ತಾಂಡೇಲ, ಎಲ್ಲವೂ ದಡದಲ್ಲಿ ಸಿದ್ಧವಾಗಿದ್ದುವು. ತಲೆಗೆ ಮೂರು ನಾಲ್ಕು ಲಕ್ಷ ಸೀಫಾ ಫ್ರಾಂಕ್ ತೆಗೆದುಕೊಂಡರೆ, ಒಂದೇ ಪಯಣದಲ್ಲಿ ವರ್ಷಗಟ್ಟಲೆ ಮೀನು ಹಿಡಿದರೂ ಬಾರದ ಹಣ. ಅದರ ದೊಡ್ಡ ಪಾಲು ದಲ್ಲಾಳಿಗೆ. ತಾಂಡೇಲನಿಗೆ ಅನೇಕವೇಳೆ ದಕ್ಕುವುದು ತನ್ನ ಪ್ರಯಾಣದ ಬಿಟ್ಟಿ ಜಾಗ ಮಾತ್ರ. ಸ್ಪೇನಿನಲ್ಲಿ ಇಳಿದಮೇಲೆ ಮನುಷ್ಯರನ್ನು ಸಾಗಿಸಿದವನೆಂದು ಜೈಲಿಗೆ ಹೋಗುವವನೂ ಅವನೇ.

ನೆಟ್ಟಗೆ ವಿಮಾನದಲ್ಲಿ ಏಕೆ ಹೋಗಬಾರದು? ವೀಸಾ ಸಿಕ್ಕುವುದಿಲ್ಲ. ಕೆಲಸ, ಆಸ್ತಿ, ಬ್ಯಾಂಕಿನಲ್ಲಿ ಹಣ ಇದ್ದವನಿಗಲ್ಲದೆ ಅದು ದೊರೆಯದು. ಅವು ಇದ್ದವನು ದೋಣಿಯ ಯೋಚನೆಯನ್ನೇ ಮಾಡುವುದಿಲ್ಲ. ಜಿಬ್ರಾಲ್ಟರ್ ಜಲಸಂಧಿ ಕಿರಿದು. ಮೊದಲು ಜನ ಅಲ್ಲಿಯೇ ದಾಟುತ್ತಿದ್ದರು. ಅಲ್ಲಿ ಕಾವಲುಯಂತ್ರಗಳು ಬಂದು, 2005ರಲ್ಲಿ ಸ್ಯೂತ, ಮೆಲಿಯ ಎಂಬ ಸ್ಪೇನಿನ ನಗರಗಳ ಬೇಲಿ ಎತ್ತರವಾದ ಮೇಲೆಯೇ ಈ ನೂರಾರು ಹರದಾರಿಯ ದಾರಿ ಜನಪ್ರಿಯವಾಯಿತೆಂಬುದನ್ನು ಮರೆಯಬಾರದು.

ಇನ್ನು ಮನೆಯ ಒಳಗಿನ ಕಾರಣ. 2023ರ ಜನಗಣತಿಯಂತೆ ಸೆನೆಗಲ್ಲಿನ ಜನಸಂಖ್ಯೆ ಸುಮಾರು 1 ಕೋಟಿ 80 ಲಕ್ಷ. ಅವರಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತರ ಒಳಗಿನವರು. ಇಷ್ಟು ಮಂದಿಗೆ ಕೆಲಸವಿಲ್ಲ. ಊರಿನ ಒಂದು ಬೀದಿಯಲ್ಲಿ ಎರಡಂತಸ್ತಿನ ಮನೆ ಎದ್ದರೆ ಅದು ಪರದೇಶದಲ್ಲಿರುವ ಮಗನ ಹಣದ್ದೆಂದು ಎಲ್ಲರಿಗೂ ಗೊತ್ತು. ಪಕ್ಕದ ಮನೆಯವನಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅವನು ಮದುವೆಯಾಗಬೇಕೆಂದಾಗ, ತಾಯಿಗೆ ಔಷಧ ತರಬೇಕೆಂದಾಗ ತಾನೇ ಅರಿಯುತ್ತಾನೆ. ಅಲ್ಲಿ ಆ ಮಗನು ಬೀದಿಯಲ್ಲಿ ಬಟ್ಟೆ ಹರಡಿ ಮಾರುತ್ತಿರಬಹುದು, ಹಸಿರುಮನೆಗಳಲ್ಲಿ ತರಕಾರಿ ಕೀಳುತ್ತಿರಬಹುದು. ಆ ಸುದ್ದಿ ಊರಿಗೆ ಬರುವುದಿಲ್ಲ. ಸೆನೆಗಲ್ಲಿನ ಲೇಖಕಿ ಫತೂ ದ್ಯೋಮ್ 2003ರಲ್ಲಿ ಪ್ರಕಟಿಸಿದ ‘ಅಟ್ಲಾಂಟಿಕ್ಕಿನ ಹೊಟ್ಟೆ’ ಎಂಬ ಫ್ರೆಂಚ್ ಕಾದಂಬರಿಯ ವಸ್ತು ಈ ಮೌನವೇ: ಫ್ರಾನ್ಸಿನಲ್ಲಿ ಕಷ್ಟಪಡುವ ಅಕ್ಕ, ಅದನ್ನು ನಂಬಲೊಲ್ಲದೆ ಕಾಲ್ಚೆಂಡಾಟಗಾರನಾಗಲು ಹೊರಡಬೇಕೆನ್ನುವ ದ್ವೀಪದ ತಮ್ಮ. ಕೊಲ್ಲಿಯಿಂದ ರಜೆಗೆ ಬಂದವರ ಸುಗಂಧದ ಸೀಸೆಗಳನ್ನು ಕಂಡು ಬೆಳೆದ ನಮ್ಮ ಜಿಲ್ಲೆಯ ಹುಡುಗರಿಗೆ ಈ ಕಥೆ ಅಪರಿಚಿತವಲ್ಲ. ನಮ್ಮವರಿಗೆ ವಿಮಾನದ ಟಿಕೆಟ್ಟು ದೊರೆಯಿತು, ಅಷ್ಟೇ ಭೇದ. ಆದರೆ ಅದು ಸಣ್ಣ ಭೇದವಲ್ಲ.

ಈಗ ಅಪಾಯದ ವಿಚಾರ. ದೋಣಿ ಮುಳುಗುವುದೊಂದೇ ಅಪಾಯವೆಂದು ನಾವು ತಿಳಿಯುತ್ತೇವೆ. ಹಾಗಲ್ಲ. ಕರಾವಳಿಯ ಗಸ್ತುದೋಣಿಗಳ ಕಣ್ಣು ತಪ್ಪಿಸಲು ತಾಂಡೇಲರು ದಡ ಬಿಟ್ಟು ಬಹುದೂರ ಪಶ್ಚಿಮಕ್ಕೆ ಸರಿದು ಅನಂತರ ಉತ್ತರಕ್ಕೆ ತಿರುಗುತ್ತಾರೆ. ಆದ್ದರಿಂದ ಅವರ ಗುರಿ ಈಗ ಕೆನರಿಯ ಕಟ್ಟಕಡೆಯ ಪಶ್ಚಿಮದ್ವೀಪ, ಎಲ್ ಯೆರ್ರೊ. ಹನ್ನೊಂದು ಸಾವಿರದಷ್ಟು ಜನರಿರುವ ಪುಟ್ಟ ದ್ವೀಪ ಅದು. ಅದನ್ನು ತಪ್ಪಿದರೆ ಮುಂದೆ ಅಮೆರಿಕದವರೆಗೆ ನೆಲವಿಲ್ಲ. ಎಂಜಿನ್ ಕೆಟ್ಟರೆ, ಪೆಟ್ರೋಲು ತೀರಿದರೆ, ಮೀನು ಕೊಟ್ಟ ಅದೇ ವಾಣಿಜ್ಯಮಾರುತವೂ ಅದರೊಡನೆ ಹರಿಯುವ ಸಾಗರಪ್ರವಾಹವೂ ದೋಣಿಯನ್ನು ಪಶ್ಚಿಮಕ್ಕೆ ಒಯ್ಯುತ್ತವೆ. 1492ರಲ್ಲಿ ಕೊಲಂಬಸನು ಕೆನರಿಯಿಂದ ಹಿಡಿದ ಗಾಳಿ ಇದೇ. 2005ರ ಡಿಸೆಂಬರಿನ ಕೊನೆಯಲ್ಲಿ ಕೇಪ್ ವರ್ಡ್ ದ್ವೀಪಗಳಿಂದ ಹೊರಟ ದೋಣಿಯೊಂದು 2006ರ ಏಪ್ರಿಲ್ ಅಂತ್ಯದಲ್ಲಿ ಸಾಗರದ ಇನ್ನೊಂದು ದಡದ ಬಾರ್ಬಡೋಸ್ ಬಳಿ ಸಿಕ್ಕಿತು. ಅದರಲ್ಲಿದ್ದುದು ಬಿಸಿಲಿಗೆ ಒಣಗಿದ ಹನ್ನೊಂದು ಶವಗಳು. 2021ರಲ್ಲಿ ಟೊಬೇಗೊ ದ್ವೀಪದ ಬಳಿಯೂ ಇಂಥದೇ ಒಂದು ದೋಣಿ ತೇಲಿಬಂತು.

ಬಾಯಾರಿಕೆ ಎರಡನೆಯ ಶತ್ರು. ಸುತ್ತ ನೀರು, ಕುಡಿಯುವಂತಿಲ್ಲ. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ನಮ್ಮ ಮೂತ್ರಪಿಂಡಗಳಿಗೆ ಅಷ್ಟು ಗಾಢವಾಗಿ ಉಪ್ಪನ್ನು ಹೊರಹಾಕುವ ಶಕ್ತಿಯಿಲ್ಲ. ಕುಡಿದುದಕ್ಕಿಂತ ಹೆಚ್ಚು ನೀರನ್ನು ದೇಹದಿಂದಲೇ ತೆಗೆದು ಅವು ಉಪ್ಪನ್ನು ತೊಳೆಯಬೇಕಾಗುತ್ತದೆ. ಕುಡಿದವನು ಇನ್ನಷ್ಟು ಒಣಗುತ್ತಾನೆ, ಬುದ್ಧಿ ಕದಡುತ್ತದೆ, ದಡ ಕಾಣುತ್ತಿದೆಯೆಂದು ಕಡಲಿಗೆ ಧುಮುಕುತ್ತಾನೆ. ಬದುಕಿ ಬಂದವರು ಇದನ್ನು ಮತ್ತೆ ಮತ್ತೆ ಹೇಳಿದ್ದಾರೆ. ದೋಣಿಯ ತಳದಲ್ಲಿ ಪೆಟ್ರೋಲೂ ಉಪ್ಪುನೀರೂ ಬೆರೆತು ಚರ್ಮವನ್ನು ಸುಡುವುದು ಇನ್ನೊಂದು ಬಾಧೆ.

ಮೂರನೆಯ ಅಪಾಯ ವಿಚಿತ್ರವಾದುದು: ರಕ್ಷಣೆಯ ಗಳಿಗೆಯೇ. ದಿನಗಟ್ಟಲೆ ಮುದುಡಿ ಕುಳಿತವರು ರಕ್ಷಣಾನೌಕೆಯನ್ನು ಕಂಡೊಡನೆ ಎದ್ದು ಒಂದೇ ಪಕ್ಕಕ್ಕೆ ನುಗ್ಗುತ್ತಾರೆ; ಕಿರಿದಾದ ದೋಣಿ ಮಗುಚುತ್ತದೆ. 2024ರ ಸೆಪ್ಟೆಂಬರ್ 28ರಂದು ಎಲ್ ಯೆರ್ರೊ ದ್ವೀಪದಿಂದ ಕೆಲವೇ ಮೈಲಿ ದೂರದಲ್ಲಿ ಹೀಗಾಯಿತು. ದೋಣಿಯಲ್ಲಿದ್ದವರು 84, ಬದುಕಿದವರು 27. 2025ರ ಮೇ 28ರಂದು ಅದೇ ದ್ವೀಪದ ಲಾ ರೆಸ್ತಿಂಗಾ ಬಂದರಿನ ಕಟ್ಟೆಯ ಮಗ್ಗುಲಲ್ಲಿಯೇ ಇನ್ನೊಂದು ದೋಣಿ ಮಗುಚಿ ನಾಲ್ವರು ಹೆಂಗಸರೂ ಮೂವರು ಹುಡುಗಿಯರೂ ಸತ್ತರು.

ಒಟ್ಟು ಸತ್ತವರೆಷ್ಟು? ಇಲ್ಲಿ ಲೆಕ್ಕವೇ ತಪ್ಪುತ್ತದೆ. ಸ್ಪೇನಿನ ‘ಕಮಿನಾಂದೊ ಫ್ರೊಂತೇರಾಸ್’ ಎಂಬ ಸಂಸ್ಥೆ 2024ರೊಂದರಲ್ಲೇ ಈ ಅಟ್ಲಾಂಟಿಕ್ ದಾರಿಯಲ್ಲಿ 9,757 ಮಂದಿ ಮಡಿದರೆಂದು ಹೇಳಿತು. ವಿಶ್ವಸಂಸ್ಥೆಯ ವಲಸೆ ಸಂಸ್ಥೆಯು ದಾಖಲಿಸಿದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಮೊದಲನೆಯವರು ಮನೆಯವರ ಕರೆಗಳನ್ನೂ ಕಾಣೆಯಾದ ದೋಣಿಗಳನ್ನೂ ಎಣಿಸುತ್ತಾರೆ; ಎರಡನೆಯವರು ಖಚಿತ ಆಧಾರ ಕೇಳುತ್ತಾರೆ. ಯಾರಿಗೂ ಹೇಳದೆ ಹೊರಟು, ಯಾರಿಗೂ ಕಾಣದೆ ಮುಳುಗಿದ ದೋಣಿ ಯಾವ ಪಟ್ಟಿಯಲ್ಲೂ ಇಲ್ಲ. 2023ರ ಜುಲೈ 10ರಂದು ಫಾಸ್ ಬೋಯ್ ಎಂಬ ಮೀನುಗಾರರ ಹಳ್ಳಿಯಿಂದ 101 ಮಂದಿ ಹೊರಟರು. ಒಂದು ತಿಂಗಳ ಮೇಲೆ ಸ್ಪೇನಿನ ಮೀನುಹಡಗೊಂದಕ್ಕೆ ಆ ದೋಣಿ ಕೇಪ್ ವರ್ಡ್ ಬಳಿ ಸಿಕ್ಕಿತು. ಬದುಕಿದ್ದವರು 38. ಆ ಹಡಗು ಆ ಹಾದಿಯಲ್ಲಿ ಬಾರದಿದ್ದರೆ ಫಾಸ್ ಬೋಯ್ ಹಳ್ಳಿ ಇಂದಿಗೂ ಕಾಯುತ್ತಲೇ ಇರುತ್ತಿತ್ತು.

ಕೆನರಿಯವರು ಒಮ್ಮೆ ತಾವೂ ಹೀಗೆಯೇ ಹೊರಟವರು. ಸ್ಪೇನಿನ ಅಂತರ್ಯುದ್ಧದ ತರುವಾಯ ಹಸಿವನ್ನೂ ಸರ್ವಾಧಿಕಾರವನ್ನೂ ತಾಳಲಾರದೆ ಅವರು ಹಳೆಯ ಹಾಯಿದೋಣಿಗಳಲ್ಲಿ ಕದ್ದು ವೆನೆಜುವೆಲಕ್ಕೆ ಹೋದರು. 1949ರಲ್ಲಿ ‘ಲಾ ಎಲ್ವಿರಾ’ ಎಂಬ ದೋಣಿ ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಸಾಗರ ದಾಟಿತು. ಆ ನೆನಪಿನಿಂದಲೋ ಏನೋ, ಎಲ್ ಯೆರ್ರೊ ಜನ ತಮಗೆ ಸಿಕ್ಕ ಶವಗಳನ್ನು ತಮ್ಮ ಸ್ಮಶಾನದಲ್ಲಿಯೇ ಹೂಳುತ್ತಾರೆ, ಹೆಸರು ತಿಳಿಯದಿದ್ದರೂ ಹೂವಿಡುತ್ತಾರೆ.

ಪರಿಹಾರವೇನೆಂದು ಕೇಳಿದರೆ, ನಡೆದಿರುವ ಪ್ರಯತ್ನಗಳನ್ನಷ್ಟೇ ಹೇಳಬಲ್ಲೆ. ಡಕಾರಿನ ಬಳಿಯ ತಿಯಾರೊಯ್ ಎಂಬ ಕಡಲೂರಿನ ಯಾಯಿ ಬಯಾಮ್ ದ್ಯುಫ್ ಎಂಬಾಕೆ 2006ರಲ್ಲಿ ಒಬ್ಬನೇ ಮಗನನ್ನು ಈ ದಾರಿಯಲ್ಲಿ ಕಳೆದುಕೊಂಡರು. ಅವರು ಮಕ್ಕಳನ್ನು ಕಳೆದುಕೊಂಡ ಇತರ ತಾಯಂದಿರನ್ನು ಕೂಡಿಸಿ ಸಂಘ ಕಟ್ಟಿದರು. ಹುಡುಗರಿಗೆ ಬುದ್ಧಿ ಹೇಳುವುದರ ಜೊತೆಗೆ ಹೆಂಗಸರಿಗೆ ದುಡಿಮೆಯ ದಾರಿ ಹುಡುಕಿದರು. ಭಿತ್ತಿಪತ್ರಗಳಿಗಿಂತ ಇದರಲ್ಲಿ ನನಗೆ ಹೆಚ್ಚು ನಂಬಿಕೆ. 2024ರ ಆಗಸ್ಟಿನಲ್ಲಿ ಸ್ಪೇನು ಸೆನೆಗಲ್ಲಿನೊಡನೆ, ಹಂಗಾಮಿ ಕೆಲಸಕ್ಕೆ ಕರೆಸಿ ಮತ್ತೆ ಊರಿಗೆ ಕಳಿಸುವ ಒಪ್ಪಂದ ಮಾಡಿಕೊಂಡಿತು. ಅದೇ ನವೆಂಬರಿನಲ್ಲಿ ಯೂರೋಪಿನೊಡನಿದ್ದ ಮೀನುಗಾರಿಕೆಯ ಒಪ್ಪಂದದ ಅವಧಿ ತೀರಿತು. ಇವೆಲ್ಲಕ್ಕಿಂತ ಹೆಚ್ಚು ಹಣ ಬಿದ್ದುದು ಕಾವಲಿಗೆ. ಯೂರೋಪು 2024ರಲ್ಲಿ ಮಾರಿಟೇನಿಯಕ್ಕೆ 21 ಕೋಟಿ ಯೂರೋ ಕೊಡುವುದಾಗಿ ಒಪ್ಪಿತು. 2025ರಲ್ಲಿ ಕೆನರಿಗೆ ಬಂದವರ ಸಂಖ್ಯೆ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ವರ್ಷ ಕೆಲವು ದೋಣಿಗಳು ಇನ್ನೂ ದಕ್ಷಿಣಕ್ಕೆ ಸರಿದು ಗಿನಿಯ ಕರಾವಳಿಯಿಂದ ಹೊರಡತೊಡಗಿದವು. ಅಲ್ಲಿಂದ ಎಲ್ ಯೆರ್ರೊಗೆ 2,000 ಕಿಲೋಮೀಟರಿಗೂ ಹೆಚ್ಚು.